ಪರಮಶಿವಪ್ಪ ನಿಜವಾಗಿ ಸೋತ ಆಟ

ಸೊರಬದ ಬೆಲ್ಲದ ವ್ಯಾಪಾರಿ ಪರಮಶಿವಪ್ಪನಿಗೆ ಸೋಲು ಅನ್ನುವುದು ಮೈಗೆ ಆಗಿಬರದ ಪದಾರ್ಥ. ಕೆಲವರಿಗೆ ಬದನೆಕಾಯಿ ತಿಂದರೆ ಮೈಯೆಲ್ಲ ತುರಿಕೆ ಏಳುತ್ತದಲ್ಲ, ಇವನಿಗೆ ಚದುರಂಗದಲ್ಲಿ ಸೋತರೆ ಹಾಗೆ. ಆದರೆ ಅವನನ್ನು ಸೋಲಿಸುವವರಾದರೂ ಯಾರಿದ್ದರು? ಅಂಗಡಿಯ ಜಗಲಿಯ ಮೇಲೆ ಹಲಗೆ ಹಾಸಿ ಕೂತನೆಂದರೆ ಗಿರಾಕಿಗಳು ಬೆಲ್ಲದ ಅಚ್ಚನ್ನು ತಾವೇ ಎತ್ತಿ, ತಾವೇ ತೂಗಿಕೊಂಡು ಹೋಗಬೇಕು. ತಾಲ್ಲೂಕಿಗೆ ವರ್ಗವಾಗಿ ಬಂದ ಅಮಲ್ದಾರರನ್ನು ಮೊದಲ ವಾರದಲ್ಲೇ ಮೂರು ಸಲ ಸೋಲಿಸಿ, "ಸ್ವಾಮಿ, ತಮಗೆ ಕುದುರೆ ಓಡಿಸಲಿಕ್ಕೆ ಬರೂದಿಲ್ಲ" ಅಂದುಬಿಟ್ಟಿದ್ದ. ದೊಡ್ಡವರು ಚಿಕ್ಕವರು ಅನ್ನುವ ಲೆಕ್ಕ ಹಲಗೆಯ ಆಚೆಗೆ ಮಾತ್ರ.

ಈ ಹಟ ಒಮ್ಮೆ ನೆಂಟಸ್ತನವನ್ನೇ ಸುಟ್ಟಿತ್ತು. ಹೆಂಡತಿ ಜಗದಾಂಬಳ ಅಣ್ಣ ಗೃಹಪ್ರವೇಶಕ್ಕೆಂದು ಬಂದವನು, ಪಾಪ, ಹೊತ್ತು ಹೋಗಲಿ ಅಂತ ಎದುರಿಗೆ ಕೂತ. ಪರಮಶಿವಪ್ಪ ನೆಂಟರಿಷ್ಟರೆಲ್ಲ ನೋಡುತ್ತಿರುವಾಗ ಅವನನ್ನು ನಾಲ್ಕು ಸಲ ಸೋಲಿಸಿದ. ಅಷ್ಟಕ್ಕೇ ಬಿಟ್ಟನೇ? ಸೋತ ಪ್ರತಿ ಆಟಕ್ಕೂ ಎಲ್ಲಿ ತಪ್ಪಿದೆ ಅಂತ ವಿವರಿಸಿ ಹೇಳಿದ. ಭಾವಮೈದುನ ಎಲೆ ಹಾಕುವ ಮುಂಚೆಯೇ ಎದ್ದು ಹೋದವನು ಆರು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಜಗದಾಂಬ ಆ ಮಾತನ್ನು ಮರೆಯಲಿಲ್ಲ, ಗಂಡನಿಗೆ ಮರೆಯಲೂ ಬಿಡಲಿಲ್ಲ.

ಐವತ್ತಾರನೇ ಇಸವಿಯ ಬೇಸಿಗೆಯಲ್ಲಿ ಒಬ್ಬಳೇ ಮಗಳು ನೀಲಾಂಬಿಕೆಯನ್ನು ಶಿಕಾರಿಪುರಕ್ಕೆ ಕೊಟ್ಟ. ಜವಳಿ ಅಂಗಡಿಯ ಮಹೇಶ್ವರಪ್ಪನವರ ಮನೆ. ಮಹೇಶ್ವರಪ್ಪನವರು ಅಂಗಡಿಯನ್ನು ಮಗನ ಕೈಗೆ ಬಿಟ್ಟು, ಬೆಳಗ್ಗೆ ಲಿಂಗಪೂಜೆ, ಆಮೇಲೆ ದಿನವಿಡೀ ಚದುರಂಗ ಅಂತ ಇದ್ದ ಮನುಷ್ಯ. ತೆಳ್ಳಗೆ, ಎತ್ತರಕ್ಕೆ, ಮಾತಿಗೊಂದು ನಗು. ನಿಶ್ಚಿತಾರ್ಥದ ದಿನವೇ ಅವರು ಎಲ್ಲರೆದುರು ಅಂದಿದ್ದರು: "ಬಂಗಾರ ಗಿಂಗಾರ ನನಗೇನೂ ಬೇಡ್ರಿ. ಸೊರಬದಾಗ ಚದುರಂಗ ಅಂದ್ರ ಇವರೇ ಅಂತಾರ. ಅಂಥಾ ಬೀಗರು ಸಿಗತಾರಲ್ಲ, ಸಾಕು." ಎಲ್ಲರೂ ನಕ್ಕರು. ತಮಾಷೆ ಅಂದುಕೊಂಡರು. ಅದು ತಮಾಷೆಯಾಗಿರಲಿಲ್ಲ.

ಮದುವೆಯಾದ ಮರುವರ್ಷ ಪರಮಶಿವಪ್ಪ ಸಂತೆಗೆಂದು ಶಿಕಾರಿಪುರಕ್ಕೆ ಹೋದಾಗ ಬೀಗರು ಕೈಹಿಡಿದು ಎಳೆದುಕೊಂಡು ಹೋಗಿ ನಡುಮನೆಯಲ್ಲಿ ಕೂರಿಸಿದರು. ಹಾಸಿದ ಹಲಗೆ ನೋಡಿದರೆ ಎಂದಿನ ಹಲಗೆಯಲ್ಲ. ಎಂಟೆಂಟು ಮನೆಯ ಬದಲು ಹತ್ತು ಹತ್ತು ಮನೆ. ಆನೆ, ಕುದುರೆ, ಒಂಟೆ, ಮಂತ್ರಿ, ರಾಜ ಎಲ್ಲ ಇದ್ದವು. ಜೊತೆಗೆ ಎರಡೂ ಕಡೆ ರಾಜನ ಬಲಮಗ್ಗುಲಿಗೆ ಬಂದೂಕಿನ ಒಂದೊಂದು ಖಾಲಿ ತೋಟೆ, ಎಡಕ್ಕಿರುವ ಮಂತ್ರಿಯ ಆಚೆ ಒಂದೊಂದು ಅಡಿಕೆ.

"ಇದೇನು ಮಾರಾಯ್ರೆ, ಸಂತೆ ಹಾಕೀರಿ?" ಅಂದ ಪರಮಶಿವಪ್ಪ.

"ನಗಬ್ಯಾಡ್ರಿ. ನಾಲ್ಕು ವರ್ಷದ ಧ್ಯಾನ ಇದು." ಮಹೇಶ್ವರಪ್ಪನವರು ತೋಟೆಯನ್ನು ಎತ್ತಿ ಹಿಡಿದರು. "ಇವ ಶಿಕಾರಿ. ನಮ್ಮೂರ ಹೆಸರಿನವ. ಇದ್ದ ಜಾಗ ಬಿಡದೇ ಮೂರು ಮನೆ ದೂರದ ಕಾಯಿ ಹೊಡೀತಾನ." ಆಮೇಲೆ ಅಡಿಕೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಇದು ಭೇರುಂಡ. ಬಳ್ಳಿಗಾವಿ ಕಂಬದ ಮ್ಯಾಲೆ ನೋಡೀರಲ್ಲ, ಎರಡು ತಲೆ ಹಕ್ಕಿ? ಒಂದು ಮನಿ, ಇಲ್ಲಾ ಎರಡು ಮನಿ, ಯಾವ ಕಡೆಗಾದ್ರೂ ಹಾರತದ. ನಡುವೆ ಯಾರರೆ ಇರಲಿ, ತಲೀ ಮ್ಯಾಲಿಂದ ದಾಟತದ. ಎರಡು ತಲೆ ಅದಾವಲ್ಲ, ಹಂಗಾಗಿ ಒಂದ ನಡೀಗೆ ಎರಡು ಸಲ ಹೊಡೀತದ. ಒಂದನ್ನ ಹೊಡದು, ಅಲ್ಲಿಂದ ಹಾರಿ ಇನ್ನೊಂದನ್ನ."

ಪರಮಶಿವಪ್ಪನ ಕಣ್ಣು ಅರಳಿತು. ಏನಿಲ್ಲವೆಂದರೂ ಆಟಗಾರ ತಾನೇ.

"ಒಬ್ಬನೇ ಎರಡೂ ಕಡೆ ಆಡಿ ಆಡಿ ಸಾಕಾಗೇದ ಬೀಗ್ರೇ," ಅಂದರು ಮಹೇಶ್ವರಪ್ಪನವರು. "ಒಬ್ಬನೇ ಆಡಿದ್ರ ನನ್ನ ತಪ್ಪು ನನಗ ಕಾಣೂದಿಲ್ಲ. ನೀವು ಆಡಿ ನೋಡ್ರಿ. ಎಲ್ಲಿ ತೂತು ಅದ, ಹುಡುಕಿ ಕೊಡ್ರಿ. ಅದಕ್ಕಂತನ ದೇವರು ನಿಮ್ಮನ್ನ ಕೊಟ್ಟಾನ. ಬರ್ರಿ, ಬಂದವರದ್ದು ಮೊದಲ ನಡೆ."

ಅದು ಆ ಮನೆಯ ಪದ್ಧತಿ. ಮನೆಗೆ ಬಂದವರಿಗೆ ಮೊದಲು ನೀರು, ಮೊದಲು ಮಣೆ, ಹಲಗೆ ಮುಂದೆ ಕೂತರೆ ಮೊದಲ ನಡೆ. ಮಹೇಶ್ವರಪ್ಪನವರು ಜೀವಮಾನದಲ್ಲಿ ಬಂದವರ ಎದುರು ತಾವೇ ಮೊದಲು ಕಾಯಿ ಎತ್ತಿದವರಲ್ಲ.

ಮೊದಲ ಎರಡು ಸಂತೆಯಲ್ಲೂ ಪರಮಶಿವಪ್ಪ ಹೊಸ ಕಾಯಿಗಳ ಗೊಂದಲದಲ್ಲೇ ಸೋತ. ಬೀಗರು ಮಗುವಿನ ಹಾಗೆ ಕುಣಿದರು. ಎರಡನೇ ಸಲ ಸೋತ ರಾತ್ರಿ ಸೊರಬಕ್ಕೆ ಬಂದು ಊಟಕ್ಕೆ ಕೂತಾಗ ಪರಮಶಿವಪ್ಪ ಹಲ್ಲು ಕಡಿದು, "ಇರಲಿ, ಮುಂದಿನ ಸಂತೆಗೆ ತೋರಿಸ್ತೆ" ಅಂದ. ಜಗದಾಂಬ ಬಡಿಸುತ್ತಿದ್ದ ಸೌಟನ್ನು ಅಲ್ಲೇ ನಿಲ್ಲಿಸಿದಳು.

"ನೋಡಿ, ನಮ್ಮಣ್ಣನಿಗೆ ಮಾಡಿದ್ದು ಸಾಲದಾ? ಅಲ್ಲಿ ನೀವು ಗೆದ್ದು ಬಸ್ಸು ಹತ್ತಿ ಬಂದುಬಿಡ್ತೀರಿ. ಅಲ್ಲೇ ಇರೋಳು ನೀಲಾ. ಬೀಗರ ಮುಖ ಸಪ್ಪೆ ಆದ್ರೆ ಅದನ್ನ ದಿನಾ ನೋಡೋಳು ಅವಳು. ಹೆಣ್ಣು ಕೊಟ್ಟ ಮನೇಲಿ ನಿಮ್ಮ ಹಟ ಬೇಡ."

ಅವನಿಗೆ ಆ ಮಾತು ನಾಟಿತು. ನಾಟಬಾರದಿತ್ತು, ಆದರೆ ನಾಟಿತು.

ಮೂರನೇ ಸಂತೆಗೆ ಹೋದಾಗಲೇ ಅವನಿಗೆ ಆ ತೂತು ಕಂಡದ್ದು. ಐದಾರು ನಡೆಯಾಗಿತ್ತು. ಅವನ ಭೇರುಂಡ ಹಲಗೆಯ ನಡು ದಾಟಿ ಬೀಗರ ಕಾಲಾಳುಗಳ ಎದುರಿಗೇ ಕೂತಿತ್ತು, ಹಿಂದಿನಿಂದ ಒಂಟೆ ಕಾಯುತ್ತಿತ್ತು. ತಟ್ಟನೆ ಕಣ್ಣಿಗೆ ಹೊಳೆಯಿತು. ಭೇರುಂಡ ಹಾರಿ ರಾಜನ ಪಕ್ಕದ ಶಿಕಾರಿಯನ್ನು ಹೊಡೆಯುತ್ತದೆ. ಅದೇ ನಡೆಯಲ್ಲಿ ರಾಜನ ತಲೆ ಮೇಲಿಂದಲೇ ದಾಟಿ ಆಚೆ ಪಕ್ಕದ ಮಂತ್ರಿಯನ್ನೂ ಹೊಡೆಯುತ್ತದೆ. ರಾಜ ಅದನ್ನು ಹೊಡೆಯೋಣವೆಂದರೆ ಒಂಟೆ ಕಾವಲಿದೆ. ಇನ್ನೆರಡು ನಡೆಗೆ ಆಟ ಮುಗಿಯಿತು. ಎದುರಿನವ ಏನೇ ಮಾಡಲಿ, ಒಂದು ನಡೆ ತಡ. ಅಂದರೆ ಮೊದಲು ನಡೆಸಿದವನೇ ಗೆಲ್ಲುತ್ತಾನೆ, ಪ್ರತಿಸಲವೂ ಗೆಲ್ಲುತ್ತಾನೆ. ಆ ಮನೆಯಲ್ಲಿ ಮೊದಲು ನಡೆಸುತ್ತಿದ್ದವನು ಅವನೇ, ಹಾಗಾಗಿ ಬೀಗರಿಗೆ ಅದು ಕಾಣುವ ದಾರಿಯೇ ಇರಲಿಲ್ಲ.

ಬೀಗರು ನಗುತ್ತ ಕಾಯುತ್ತಿದ್ದರು. ಅಡಿಗೆಮನೆಯಿಂದ ಅವರ ಹೆಂಡತಿ ನಿರ್ಮಲಮ್ಮನ ದನಿ ಬಂತು: "ಏನ್ರೀ ಬೀಗ್ರೇ, ಇವತ್ತರೆ ಗೆಲ್ಲೋವ್ರು ಇದೀರಾ? ಹೆಣ್ಣು ಕೊಟ್ಟೋರು ಗೆದ್ದಿದ್ದನ್ನ ನಾ ಎಲ್ಲೂ ಕೇಳಿಲ್ಲ!" ಅದು ಬೀಗರೊಳಗಿನ ಸಲಿಗೆಯ ಮಾತು, ಮನೆಮನೆಯಲ್ಲಿ ಆಡುವಂಥದ್ದೇ. ನೀಲಾಂಬಿಕೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪರಮಶಿವಪ್ಪ ಮಗಳ ಮುಖ ನೋಡಿದ. ಭೇರುಂಡದ ಮೇಲಿಟ್ಟ ಕೈಯನ್ನು ತೆಗೆದು, ಅತ್ತ ಮೂಲೆಯ ಒಂದು ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದ.

ಅಷ್ಟೇ. ಆ ಒಂದು ಕಾಲಾಳು.

ಅಲ್ಲಯ್ಯಾ, ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಗೆಲ್ಲುವುದು ಬೇಡ, ಸರಿ. "ಬೀಗ್ರೇ, ಈ ಹಕ್ಕಿ ರಾಜನ ತಲೆ ದಾಟದ ಹಾಗೆ ಮಾಡಿ" ಅಂತ ಒಂದು ಮಾತು. ಅಮಲ್ದಾರರಿಗೆ ಕುದುರೆ ಓಡಿಸಲು ಬರುವುದಿಲ್ಲ ಎಂದ ನಾಲಿಗೆಗೆ ಅಷ್ಟು ಬರಲಿಲ್ಲವೇ? ಬರಲಿಲ್ಲ. ನಾಲ್ಕು ವರ್ಷದ ಧ್ಯಾನ ಅಂದಿದ್ದಾರೆ, ಮೂರನೇ ದಿನಕ್ಕೇ ತೂತು ತೋರಿಸಿದರೆ ಏನಂದುಕೊಂಡಾರು? ಇನ್ನೊಂದು ದಿನ ನೋಡಿ ಹೇಳೋಣ. ಮುಂದಿನ ಸಂತೆಗೆ ಹೇಳೋಣ. ಹೀಗೆ ತನಗೆ ತಾನೇ ಹೇಳಿಕೊಂಡ. ಮೊದಲ ದಿನ ಹೇಳದಿದ್ದದ್ದನ್ನು ಹತ್ತನೇ ದಿನ ಹೇಳುವುದು ಹೇಗೆ? ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದರೆ?

ಹೀಗೆ ಎರಡು ವರ್ಷ ನಡೆಯಿತು. ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು. ಸೋಲುವುದು ಸುಲಭ ಅಂದುಕೊಳ್ಳಬೇಡಿ. ಎದುರಿಗಿದ್ದವರೇನು ದಡ್ಡರೇ? ಹತ್ತಿರ ಹತ್ತಿರ ಗೆಲ್ಲುವ ಹಾಗೆ ಹೋಗಬೇಕು, ಹಣೆ ಒರೆಸಿಕೊಳ್ಳಬೇಕು, ಕೊನೆಯಲ್ಲಿ ಒಂದು ಒಂಟೆಯನ್ನು ತಪ್ಪಿ ಬಿಟ್ಟ ಹಾಗೆ ಬಿಡಬೇಕು, ಆಮೇಲೆ "ಛೆ!" ಅನ್ನಬೇಕು. ಐದಾರಕ್ಕೊಂದು ಆಟ ಸಮ ಮಾಡಿ ಮುಗಿಸುತ್ತಿದ್ದ. ಭೇರುಂಡವನ್ನು ಮಾತ್ರ ಹಲಗೆಯ ನಡುವಿನಿಂದ ಮುಂದಕ್ಕೆ ದಾಟಿಸುತ್ತಿರಲಿಲ್ಲ.

ಒಮ್ಮೆ ಮಹೇಶ್ವರಪ್ಪನವರು ತಲೆ ಕೆರೆದುಕೊಂಡು ಕೇಳಿದರು, "ಬೀಗ್ರೇ, ನೀವು ಹಳೇ ಆಟದಾಗ ಹುಲಿ ಅಂತಾರ. ಇದರಾಗ ಯಾಕ ಹಿಂಗ? ಆಟ ಅಷ್ಟು ಬಿಗಿ ಆಗೇದೇನು?"

"ಬಿಗಿ ಅಂದ್ರೆ ಬಿಗಿ ಮಾರಾಯ್ರೆ! ಇಷ್ಟು ದಿನ ಆಡಿದ್ರೂ ನನಗೇ ಹಿಡಿತ ಸಿಗಲಿಲ್ಲ," ಅಂದ ಪರಮಶಿವಪ್ಪ.

"ದೋಷ ಏನರೆ ಕಂಡಿತೇನು?"

"ಕೂದಲೆಳೆಯಷ್ಟೂ ಇಲ್ಲ."

ಮಹೇಶ್ವರಪ್ಪನವರ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದ ನೀರು. ಅದನ್ನು ನೋಡಿ ಪರಮಶಿವಪ್ಪನಿಗೂ ಸಂತೋಷವಾಯಿತು ಅನ್ನುವುದೇ ಈ ಕಥೆಯ ಹೊಟ್ಟೆ ಉರಿಸುವ ಸಂಗತಿ. ಬೀಗರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದ.

ಕಂಡದ್ದು ಅವನೊಬ್ಬನಿಗೇ ಆಗಿದ್ದರೆ ಬೇರೆ ಮಾತಾಗುತ್ತಿತ್ತು. ನೀಲಾಂಬಿಕೆ ಏಳು ವರ್ಷದವಳಿದ್ದಾಗಲೇ ಅಪ್ಪನ ಎದುರು ಕೂತು ಕಾಯಿ ನಡೆಸುವುದನ್ನು ಕಲಿತವಳು. ಕಾಫಿ ತಂದಿಡುವಾಗ, ಎಲೆಅಡಿಕೆ ತಟ್ಟೆ ಇಡುವಾಗ ಅವಳ ಕಣ್ಣು ಹಲಗೆಯ ಮೇಲೇ. ಒಂದು ದಿನ ಅಪ್ಪ ಹೊರಟಾಗ ಬೀದಿ ಬಾಗಿಲ ತನಕ ಬಂದು ಮೆಲ್ಲಗೆ ಕೇಳಿದಳು, "ಅಪ್ಪಾಜಿ, ಭೇರುಂಡ ರಾಜನ ದಾಟಿ ಹಾರಬಹುದಿತ್ತಲ್ಲ? ಯಾಕೆ ಹಾರಿಸಲಿಲ್ಲ?"

"ಸುಮ್ನಿರು ನೀಲಾ."

"ಮಾವನವರು ದಿನಾ ಕೂತು ಬರೀತಾರೆ. ಒಂದೊಂದು ನಡೆಗೂ ಹೆಸರು ಇಟ್ಟಿದಾರೆ. ಒಂದಕ್ಕೆ ಸೊರಬದ ನಡೆ ಅಂತ ನಿಮ್ಮ ಹೆಸರಿಗೇ ಇಟ್ಟಿದಾರೆ. ಹೇಳಿಬಿಡಿ ಅಪ್ಪಾಜಿ."

"ನಾ ಹೇಳ್ತೆ. ನೀ ಬಾಯಿ ಬಿಡಬೇಡ. ಸೊಸೆಯಾದೋಳು ಮಾವನ ತಪ್ಪು ಎತ್ತಿ ಹೇಳಿದ್ಲು ಅಂತಾಗಬಾರದು," ಅಂದ. ಅವಳು ತಲೆ ಬಗ್ಗಿಸಿ ಒಳಗೆ ಹೋದಳು. ಸುಳ್ಳಿನ ಗಂಟನ್ನು ಮಗಳ ತಲೆಯ ಮೇಲೂ ಹೊರಿಸಿ ಅವನು ಬಸ್ಸು ಹತ್ತಿದ.

ಅದರ ಮೇಲೆ ಇನ್ನೊಂದು ಮಾಡಿದ. ತೋಟೆ, ಅಡಿಕೆ ಇಟ್ಟುಕೊಂಡು ಎಷ್ಟು ದಿನ ಆಡುವುದು ಅಂತ, ಸೊರಬದ ಗುಡಿಗಾರ ಕೆಂಪಪ್ಪನಿಗೆ ಹೇಳಿ ಕಾಯಿಗಳನ್ನು ಕೆತ್ತಿಸಿದ. ಒಂದು ಕಡೆಯವು ಬೀಟೆಮರದವು, ಇನ್ನೊಂದು ಕಡೆಯವು ಹಲಸಿನವು. ಕೆಂಪಪ್ಪ ಭೇರುಂಡಕ್ಕೆ ಎರಡು ತಿಂಗಳು ತೆಗೆದುಕೊಂಡ. ಎರಡು ಕೊಕ್ಕು, ನಾಲ್ಕು ಕಣ್ಣು, ರೆಕ್ಕೆಯ ಒಂದೊಂದು ಗರಿ. ಬೀಗರ ಕೈಗೆ ಕೊಟ್ಟಾಗ ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಪರಮಶಿವಪ್ಪನಿಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಆದರೆ ಹೋಳಿಗೆ ಊಟಕ್ಕೆ ಕೂತ.

ಐವತ್ತೊಂಬತ್ತರ ಮೇ ತಿಂಗಳಲ್ಲಿ ಶಿವಮೊಗ್ಗದ ಒಂದು ಛತ್ರದಲ್ಲಿ ಚದುರಂಗದ ಪಂದ್ಯ ಏರ್ಪಾಡಾಯಿತು. ನಾಲ್ಕಾರು ಜಿಲ್ಲೆಗಳಿಂದ ಆಟಗಾರರು ಬರುವವರಿದ್ದರು. ಕೊನೆಯ ದಿನ ಮಧ್ಯಾಹ್ನ ತಮ್ಮ ಹೊಸ ಆಟ ತೋರಿಸಲು ಮಹೇಶ್ವರಪ್ಪನವರು ಬರೆದು ಕೇಳಿ ಒಪ್ಪಿಗೆ ಪಡೆದಿದ್ದರು. ಇಬ್ಬರು ಬೀಗರೂ ಜರಿ ರುಮಾಲು ಸುತ್ತಿಕೊಂಡು ಬೆಳಗಿನ ಬಸ್ಸಿಗೆ ಹೊರಟರು. ಬಸ್ಸಿನಲ್ಲಿ ಪರಮಶಿವಪ್ಪ ಗಟ್ಟಿ ಮನಸ್ಸು ಮಾಡಿದ. ಈಗ ಹೇಳಿಬಿಡಬೇಕು. ಇಂದು ಹೇಳದಿದ್ದರೆ ಇನ್ನೆಂದೂ ಇಲ್ಲ.

"ಬೀಗ್ರೇ..." ಅಂದ.

"ತಡೀರಿ, ನಿಮಗೊಂದು ತೋರಿಸಬೇಕು." ಮಹೇಶ್ವರಪ್ಪನವರು ಚೀಲದಿಂದ ಒಂದು ತೆಳು ಪುಸ್ತಕ ತೆಗೆದರು. ಹಸಿರು ರಟ್ಟು, ಇನ್ನೂ ಶಾಯಿಯ ವಾಸನೆ. 'ಭೇರುಂಡ ಚದುರಂಗದ ನಿಯಮಗಳು.' ಮೊದಲ ಪುಟ ತೆರೆದು ಬೆರಳಿಟ್ಟು ಓದಿದರು: "ಈ ಆಟವನ್ನು ಎರಡು ವರ್ಷಗಳ ಕಾಲ ನನ್ನೊಡನೆ ಆಡಿ, ಎಲ್ಲ ಬಗೆಯಿಂದಲೂ ಪರೀಕ್ಷಿಸಿ, ದೋಷವಿಲ್ಲವೆಂದು ಕಂಡುಕೊಟ್ಟವರು ಸೊರಬದ ಶ್ರೀ ಪರಮಶಿವಪ್ಪನವರು. ಅವರಂಥ ಆಟಗಾರರು ನನಗೆ ಬೀಗರಾಗಿ ದೊರೆತದ್ದು ನನ್ನ ಪುಣ್ಯ."

ಪರಮಶಿವಪ್ಪ ಬಾಯಿ ಮುಚ್ಚಿಕೊಂಡ.

ಛತ್ರದಲ್ಲಿ ಐವತ್ತು ಅರವತ್ತು ಜನ ಸುತ್ತ ನಿಂತಿದ್ದರು. ಕೆಂಪಪ್ಪನ ಕೆತ್ತನೆ ನೋಡಿ ಎಲ್ಲರೂ ಬೆರಗಾದರು. ಕೈಯಿಂದ ಕೈಗೆ ಭೇರುಂಡ ಹೋಗಿ ಬಂತು. ನಿಯಮ ಕೇಳಿಕೊಂಡು ಎದುರಿಗೆ ಕೂತವನು ಹಾವೇರಿ ಕಡೆಯ ಒಬ್ಬ ಗುಮಾಸ್ತ. ಮೂವತ್ತರ ವಯಸ್ಸು, ದಪ್ಪ ಕನ್ನಡಕ. ಮಹೇಶ್ವರಪ್ಪನವರು ಕೈ ಚಾಚಿ, "ನೀವು ಬಂದವರು. ಮೊದಲ ನಡೆ ನಿಮ್ಮದು" ಅಂದರು.

ಪರಮಶಿವಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಗುಮಾಸ್ತ ಐದು ನಡೆ ನಡೆಸಿದ. ಕನ್ನಡಕ ತೆಗೆದು ಒರೆಸಿಕೊಂಡ. ಒಂಟೆಯನ್ನು ಭೇರುಂಡದ ಹಿಂದೆ ಕಾವಲಿಗೆ ತಂದಿಟ್ಟ. ಪರಮಶಿವಪ್ಪನಿಗೆ ಗೊತ್ತಾಯಿತು. ಇನ್ನು ಮೂರೇ ನಡೆ ಅಂತ ಅವನಿಗೆ ಗೊತ್ತಾಯಿತು. ಭೇರುಂಡ ಹಾರಿತು, ಶಿಕಾರಿ ಹೋದ, ರಾಜನ ತಲೆ ದಾಟಿತು, ಮಂತ್ರಿ ಹೋದ. ಒಂಬತ್ತನೇ ನಡೆಗೆ ರಾಜನಿಗೆ ಮನೆಯಿಲ್ಲ.

"ಇನ್ನೊಂದ್ಸಲ ಆಡೂಣು," ಅಂದರು ಮಹೇಶ್ವರಪ್ಪನವರು ನಗುತ್ತಲೇ. ಮತ್ತೆ ಒಂಬತ್ತು ನಡೆ. ಮೂರನೇ ಸಲ ಅವರು ಮೊದಲಿಂದಲೇ ಶಿಕಾರಿಯನ್ನು ಸರಿಸಿದರು. ಹತ್ತು ನಡೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬ, "ಮೊದಲು ಕೂತವನೇ ಗೆಲ್ಲೋದಾದ್ರೆ ಚೀಟಿ ಎತ್ತಿಬಿಡಬಹುದಲ್ಲ" ಅಂದ. ಸುತ್ತಲಿನ ನಗು ಛತ್ರವೆಲ್ಲ ಹರಡಿತು.

ಗುಮಾಸ್ತ ಕೆಟ್ಟವನಲ್ಲ. ಅವನು ನಗಲಿಲ್ಲ. ನಿಜವಾದ ಆಶ್ಚರ್ಯದಿಂದ ಕೇಳಿದ, "ಅಲ್ರೀ ಹಿರಿಯರೇ, ಇದನ್ನ ಯಾರೂ ಆಡಿ ನೋಡಲಿಲ್ಲೇನು?"

ಮಹೇಶ್ವರಪ್ಪನವರು ತಿರುಗಿ ಪರಮಶಿವಪ್ಪನನ್ನು ನೋಡಿದರು. ಸಿಟ್ಟಿನಿಂದಲ್ಲ. ಬೀಗರು ಏನಾದರೂ ಹೇಳಿಯಾರು, ಇದಕ್ಕೊಂದು ಉತ್ತರ ಅವರ ಹತ್ತಿರ ಇದ್ದೀತು ಅನ್ನುವ ನೋಟ. ಪರಮಶಿವಪ್ಪ ನೆಲ ನೋಡಿದ.

"ಆಡೀವಿ," ಅಂದರು ಮಹೇಶ್ವರಪ್ಪನವರು. "ನಮಗ ಕಾಣಲಿಲ್ಲ."

'ನಮಗ' ಅಂದರು. ತಪ್ಪಿನಲ್ಲೂ ಬೀಗರನ್ನು ತಮ್ಮ ಜೊತೆಗೆ ಸೇರಿಸಿಕೊಂಡರು, ಒಬ್ಬರನ್ನೇ ಬಿಡಲಿಲ್ಲ. ಹಸಿರು ಪುಸ್ತಕಗಳ ಕಟ್ಟನ್ನು ಬಿಚ್ಚಲೇ ಇಲ್ಲ. ಕಾಯಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ಕೈ ಮುಗಿದು ಹೊರಗೆ ಬಂದರು.

ಇಬ್ಬರೂ ಸಂಜೆಯ ಬಸ್ಸು ಹತ್ತಿದರು. ಶಿಕಾರಿಪುರ ಇನ್ನೇನು ಬಂತು ಅನ್ನುವಾಗ ಮಹೇಶ್ವರಪ್ಪನವರು ಕಿಟಕಿಯ ಕಡೆ ನೋಡುತ್ತ ಅಂದರು, "ನಂದು ಬಿಡ್ರಿ, ಮಾಡಿದವನ ಕಣ್ಣಿಗೆ ಕಾಣೂದಿಲ್ಲ. ನಿಮಗೂ ಕಾಣಲಿಲ್ಲಲ್ಲ ಬೀಗ್ರೇ?"

"ಇಲ್ಲ," ಅಂದ ಪರಮಶಿವಪ್ಪ.

ಅಲ್ಲಿಯವರೆಗೆ ಮಾಡಿದ್ದೆಲ್ಲ ದಾಕ್ಷಿಣ್ಯ ಅನ್ನಬಹುದಿತ್ತು. ಇದು ಮಾತ್ರ ಶುದ್ಧ ಸುಳ್ಳು. ಅದನ್ನು ಅವನೇ ಆಮೇಲೆ ಒಪ್ಪಿಕೊಳ್ಳುತ್ತಿದ್ದ.

ಆಮೇಲೆ ಎರಡು ತಿಂಗಳು ಅವನು ಶಿಕಾರಿಪುರದ ಸಂತೆಗೆ ಹೋಗಲಿಲ್ಲ. ಕಾಲು ನೋವು ಅಂದ, ಬೆಲ್ಲದ ಗಾಡಿ ಬರಬೇಕು ಅಂದ. ಜಗದಾಂಬಳಿಗೆ ಎಲ್ಲ ಹೇಳಿಕೊಂಡಾಗ ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ! ಗೆಲ್ಲಬೇಡಿ ಅಂದ್ರೆ, ತಪ್ಪು ಕಂಡ್ರೂ ಹೇಳಬೇಡಿ ಅಂತ ನಾನು ಎಲ್ಲಿ ಅಂದಿದ್ದೆ?" ಅಂದಳು.

ನೀಲಾಂಬಿಕೆಗೆ ಏಳು ತಿಂಗಳಾಗಿತ್ತು. ಚೊಚ್ಚಲ ಹೆರಿಗೆಗೆ ತೌರಿಗೆ ಕರೆದುಕೊಂಡು ಬರಲು ಪರಮಶಿವಪ್ಪನೇ ಹೋಗಬೇಕಿತ್ತು. ಅವನು ಇಂದು ನಾಳೆ ಅನ್ನುತ್ತಿರುವಾಗಲೇ ಒಂದು ಬೆಳಗ್ಗೆ ಮಹೇಶ್ವರಪ್ಪನವರು ತಾವೇ ಸೊಸೆಯನ್ನು ಕರೆದುಕೊಂಡು ಸೊರಬದಲ್ಲಿ ಬಸ್ಸಿಳಿದರು. ಒಂದು ಕೈಯಲ್ಲಿ ಅವಳ ಟ್ರಂಕು, ಇನ್ನೊಂದು ಹೆಗಲಲ್ಲಿ ಕಾಯಿಗಳ ಚೀಲ.

ಬೀಗರಿಗೆ ನೀರು ಕೊಡಲು ಒಳಗೆ ಹೋದ ಪರಮಶಿವಪ್ಪನನ್ನು ಮಗಳು ಹಿತ್ತಲ ಬಾಗಿಲಲ್ಲಿ ತಡೆದಳು. ಮುಖ ಬಾಡಿತ್ತು.

"ಅಪ್ಪಾಜಿ, ಮಾವನವರು ಕೇಳಿದರು. 'ನಿನಗೂ ಆಟ ಬರತದ, ನಿಮ್ಮಪ್ಪಗ ಅದು ಮೊದಲೇ ಕಂಡಿತ್ತೇನು' ಅಂತ ಕೇಳಿದರು. ನಾ ಹೇಳಿಬಿಟ್ಟೆ. ನನ್ನ ಕೈಲಿ ಇನ್ನು ಆಗಲಿಲ್ಲ."

"ಏನಂದರು?"

"ಏನೂ ಅನ್ನಲಿಲ್ಲ. 'ಹಂಗಾದ್ರ ಎರಡು ವರ್ಷ ನಾ ಒಬ್ಬನೇ ಆಡಿದಂಗಾತು' ಅಂದರು. ಆಮೇಲೆ ಊಟಕ್ಕೆ ಕೂತರು."

ಪರಮಶಿವಪ್ಪ ಹೊರಗೆ ಬಂದವನೇ ನೀರಿನ ತಂಬಿಗೆ ಕೆಳಗಿಟ್ಟು ಬೀಗರ ಮುಂದೆ ಕೈ ಜೋಡಿಸಿದ. "ತಪ್ಪಾಯ್ತು ಬೀಗ್ರೇ. ಮೂರನೇ ಸಂತೆಗೇ ಕಂಡಿತ್ತು. ಹೇಳಲಿಲ್ಲ. ನಿಮ್ಮ ಮನಸ್ಸಿಗೆ ನೋವಾಗ್ತದೆ ಅಂತ..."

"ಆತು ಬಿಡ್ರಿ. ಅದನ್ನ ಈಗ ತೆಗೀಬ್ಯಾಡ್ರಿ." ಮಹೇಶ್ವರಪ್ಪನವರು ಜಗಲಿಯ ಮೇಲೆ ಹಲಗೆ ಹಾಸುತ್ತಿದ್ದರು. "ಒಂದ ಒಂದು ನಿಯಮ ಬದಲು ಮಾಡೀನಿ. ಭೇರುಂಡ ರಾಜನ ದಾಟಿ ಹಾರೂ ಹಂಗಿಲ್ಲ. ಇನ್ನು ಸರಿ ಆಗೇದೇನೋ ಇಲ್ಲೋ ನನಗ ತಿಳಿಯವಲ್ದು. ಹೇಳೋರು ನೀವೊಬ್ಬರ. ಒಂದ ಒಂದು ಸಲ ಖರೇ ಆಟ ಆಡ್ರಿ ನನ್ನ ಜೋಡಿ. ಕನಿಕರ ಬ್ಯಾಡ, ನೆಂಟಸ್ತನ ಬ್ಯಾಡ."

"ಆಡ್ತೆ," ಅಂದ ಪರಮಶಿವಪ್ಪ. "ಬಂದವರು ನೀವು. ಮೊದಲ ನಡೆ ನಿಮ್ಮದು."

ಆ ದಿನ ಅವನು ಆಡಿದ ಹಾಗೆ ಜೀವಮಾನದಲ್ಲಿ ಆಡಿರಲಿಲ್ಲ. ಗಿರಾಕಿಗಳು ಬಂದರು, ಹೋದರು. ಜಗದಾಂಬ ಎರಡು ಸಲ ಕಾಫಿ ತಂದಿಟ್ಟಳು, ಎರಡೂ ಸಲ ಆರಿಹೋಯಿತು. ನೀಲಾಂಬಿಕೆ ಬಾಗಿಲಿಗೆ ಒರಗಿ ಮಣೆಯ ಮೇಲೆ ಕೂತು ಕಣ್ಣು ಕೀಳದೆ ನೋಡಿದಳು. ಪರಮಶಿವಪ್ಪ ಬೀಗರ ಎರಡೂ ಕುದುರೆಗಳನ್ನು ತೆಗೆದ, ಒಂದು ಆನೆಯನ್ನು ಹೊಡೆದ. ಗೆದ್ದೆ ಅನ್ನಿಸಿತು. ಇವತ್ತು ಗೆದ್ದು ತೋರಿಸಬೇಕು, ಗೆಲ್ಲುವುದೇ ಇವರಿಗೆ ಸಲ್ಲಿಸುವ ಮರ್ಯಾದೆ ಅಂತ ಮೈಯೆಲ್ಲ ಬೆವರಿ ಆಡಿದ. ಮಹೇಶ್ವರಪ್ಪನವರು ಹಿಂದೆ ಸರಿಯುತ್ತ ಸರಿಯುತ್ತ ತಮ್ಮ ಭೇರುಂಡವನ್ನು ಬಲಿ ಕೊಟ್ಟರು. ಇವನು ಅದನ್ನು ಹೊಡೆದ. ಆಗ ಮೂರು ಮನೆ ದೂರದಲ್ಲಿ ಇಡೀ ಆಟ ಮಿಸುಕದೆ ಕೂತಿದ್ದ ಶಿಕಾರಿ ಎದ್ದ. ಎದ್ದನೆಂದರೆ ಏಳಲಿಲ್ಲ, ಕೂತಲ್ಲಿಂದಲೇ ರಾಜನ ಕಾವಲಿನ ಕಾಯಿಯನ್ನು ಹೊಡೆದ. ಪರಮಶಿವಪ್ಪನ ರಾಜ ಕಟ್ಟುಬಿದ್ದ.

ಪರಮಶಿವಪ್ಪ ಹಲಗೆಯನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ದಾರಿ ಇರಲಿಲ್ಲ. ಎಂಥಾ ಆಟ! ಎಂಥಾ ಚಂದದ ಆಟ ಕಟ್ಟಿದ್ದಾರೆ ಈ ಮನುಷ್ಯ! ಸೋತರೆ ಮೈ ತುರಿಸುತ್ತಿದ್ದವನಿಗೆ ಅಂದು ಕಣ್ಣು ತುಂಬಿ ಬಂತು.

"ಸೋತೆ ಬೀಗ್ರೇ! ನಿಜವಾಗಿ ಸೋತೆ! ಇದರಲ್ಲಿ ಈಗ ತೂತಿಲ್ಲ, ಸತ್ಯವಾಗಿ ಇಲ್ಲ!" ಅಂತ ಕೂಗಿದ.

ಮಹೇಶ್ವರಪ್ಪನವರು ಅವನ ಮುಖವನ್ನೇ ನೋಡಿದರು. ಆಮೇಲೆ ಸಣ್ಣಗೆ ನಕ್ಕರು.

"ಇರಲಿ ಬಿಡ್ರಿ ಬೀಗ್ರೇ," ಅಂದರು. "ಇವತ್ತರೆ ಬ್ಯಾಡಾಗಿತ್ತು."

"ಅಯ್ಯೋ, ಲಿಂಗದಾಣೆ..."

"ಆಣೆ ಇಡಬ್ಯಾಡ್ರಿ. ಕೂದಲೆಳೆ ದೋಷ ಇಲ್ಲ ಅಂತ ಆವಾಗನೂ ಅಂದಿದ್ರಿ."

ನೀಲಾಂಬಿಕೆ ಮಣೆಯಿಂದ ಎದ್ದು ಬಂದಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಮಾವನ ಎದುರು ಎಂದೂ ದನಿ ಎತ್ತದವಳು ಎತ್ತಿ ಹೇಳಿದಳು, "ಮಾವ, ನಾ ಪೂರಾ ನೋಡಿದೀನಿ. ಅಪ್ಪಾಜಿ ಬಿಟ್ಟುಕೊಡಲಿಲ್ಲ.  ನೀವೇ ಗೆದ್ದಿರಿ."

ಮಹೇಶ್ವರಪ್ಪನವರು ಅವಳ ತಲೆಯ ಮೇಲೆ ಕೈ ಇಟ್ಟರು. "ನೀನರೆ ಏನು ಮಾಡೀಯವ್ವಾ," ಅಂದರು. "ನೀ ಅವರ ಮಗಳಲ್ಲೇನು."

ಊಟ ಮಾಡಿದರು. ಜಗದಾಂಬಳ ಸಾರು ಚೆನ್ನಾಗಿದೆ ಅಂದರು. ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಚೀಲ ತೆಗೆದುಕೊಳ್ಳಲಿಲ್ಲ. "ನಿಮ್ಮೂರ ಕೆತ್ತನೆ, ನಿಮ್ಮಲ್ಲೇ ಇರಲಿ" ಅಂದರು. ಆಮೇಲೂ ಬಂದರು, ಹೋದರು. ಮೊಮ್ಮಗನ ನಾಮಕರಣಕ್ಕೆ ಬಂದು ನಗುನಗುತ್ತ ಓಡಾಡಿದರು. ಚದುರಂಗದ ಮಾತು ಮಾತ್ರ ಅವರ ಬಾಯಿಂದ ಮತ್ತೆ ಬರಲಿಲ್ಲ.

ಸೊರಬದಲ್ಲಿ ಆಮೇಲೆ ಬಹಳ ವರ್ಷ ಒಂದು ನೋಟ ಇತ್ತು. ಬೆಲ್ಲದಂಗಡಿಯ ಜಗಲಿಯ ಮೇಲೆ ಹತ್ತು ಹತ್ತು ಮನೆಯ ಹಲಗೆ, ಅದರ ಮೇಲೆ ಆ ದಿನದ ಆಟ ಬೀಗರು ಭೇರುಂಡ ಬಲಿ ಕೊಟ್ಟ ಇಪ್ಪತ್ತನೇ ನಡೆಗೆ ನಿಂತ ಹಾಗೆಯೇ ಇಟ್ಟ ಕಾಯಿಗಳು. ಆಟ ಬಲ್ಲವರು ಯಾರು ದಾರಿಯಲ್ಲಿ ಹೋದರೂ ಪರಮಶಿವಪ್ಪ ಕರೆದು ಕೂರಿಸುತ್ತಿದ್ದ. ನಿಯಮ ಹೇಳಿಕೊಡುತ್ತಿದ್ದ. "ಇದು ನನ್ನ ಕಡೆ. ಇಲ್ಲಿಂದ ನಾ ಗೆಲ್ಲೋ ದಾರಿ ಇದ್ರೆ ತೋರಿಸಿ ನೋಡುವ" ಅನ್ನುತ್ತಿದ್ದ. ಅವರು ಹುಡುಕುತ್ತಿದ್ದರು, ತಲೆ ಕೆರೆದುಕೊಳ್ಳುತ್ತಿದ್ದರು, ಕೊನೆಗೆ ಇಲ್ಲ ಅನ್ನುತ್ತಿದ್ದರು. "ಇಲ್ಲ ತಾನೇ? ನಾ ನಿಜವಾಗಿ ಸೋತದ್ದು ಹೌದು ತಾನೇ?" ಅಂತ ಅವನು ಎರಡೆರಡು ಸಲ ಕೇಳಿ ಹೌದು ಅನ್ನಿಸಿಕೊಳ್ಳುತ್ತಿದ್ದ.

ಹಾಗೆ ಹೌದು ಅಂದವರು ಮೂವತ್ತು ನಲವತ್ತು ಜನ ಇದ್ದಾರು. ಅವರಲ್ಲಿ ಶಿಕಾರಿಪುರದವರು ಒಬ್ಬರೂ ಇರಲಿಲ್ಲ.